ಮಾಯಾ ಮಂತ್ರದ ಪಿಕ್ಚರಲ್ಲಿ ಮನುಷ್ಯ ಮಾಯ ಆಗೋದು ಹೇಗೆ?

ದಸರಾ ರಜೆಗೆ ಚಿಂತಾಮಣಿಗೆ ಬಂದಿದ್ದ ನಮ್ಮಕ್ಕನ ಮಗ ಬೆಳಗ್ಗೆಯಿಂದ ಟೆರೇಸ್ ಮೇಲೆ ಫೋನ್ ಹಿಡ್ಕೊಂಡು ಒಂದೇ ಪಟ್ಟು, ತಂಗಿ ನಿಂತಲ್ಲೇ ಮಾಯ ಆಗ್ಬೇಕು, ಅವಳಿದ್ದ ಜಾಗದಲ್ಲಿ ಆಯುಧಪೂಜೆಗೆ ತಂದಿದ್ದ ಬೂದುಗುಂಬಳಕಾಯಿ ಇರ್ಬೇಕು. ವಿಡಿಯೋ ಶುರು ಮಾಡ್ದ, ನಿಲ್ಸ್ದ, ತಂಗಿನ ಪಕ್ಕಕ್ಕೆ ಕಳಿಸಿ ಕಾಯಿ ಇಟ್ಟ, ಮತ್ತೆ ಶುರು ಮಾಡ್ದ, ಎರಡನ್ನೂ ಜೋಡಿಸಿ ತಂದು ತೋರಿಸ್ದ. ತಂಗಿ ಮಾಯ ಆಗಿದ್ದೇನೋ ನಿಜ, ಆದ್ರೆ ಅದೇ ಕ್ಷಣಕ್ಕೆ ಹಿಂದೆ ತಂತಿ ಮೇಲೆ ಒಣಗಾಕಿದ್ದ ಪಂಚೆ ಒಂದು ಗೇಣು ಪಕ್ಕಕ್ಕೆ ಹೋಯ್ತು, ನೀರಿನ ಟ್ಯಾಂಕ್ ಕುಪ್ಪಳಿಸ್ತು, ಬಿಸಿಲಿದ್ದಿದ್ದು ಮೋಡ ಆಯ್ತು. "ಮಾಮ, ಇದು ಆ್ಯಪ್ ಇಲ್ದೆ ಆಗೋ ಕೆಲಸ ಅಲ್ಲ" ಅಂದ. ಪಕ್ಕದಲ್ಲಿ ಕಡ್ಲೆಕಾಯಿ ಬಿಡಿಸ್ತಾ ಕೂತಿದ್ದ ನಮ್ಮಮ್ಮ ತಲೆ ಎತ್ತದೇನೇ "ಘಟೋತ್ಕಚ ಅಷ್ಟೊಂದು ಲಾಡು ತಿಂದ್ನಲ್ಲೋ, ಆವಾಗ ಯಾವ ಆ್ಯಪ್ ಇತ್ತು?" ಅಂದ್ರು.

ನಮ್ಮಮ್ಮ ಹೇಳಿದ್ದು 1957ರ 'ಮಾಯಾಬಜಾರ್' ಬಗ್ಗೆ. ನಮ್ಮ ಕಡೆ ಗೊತ್ತಲ್ಲ, ಮನೇಲಿ ತೆಲುಗು ಸ್ಕೂಲಲ್ಲಿ ಕನ್ನಡ, ಟೆಂಟಿಗೆ ಎರಡೂ ಭಾಷೆ ಪಿಕ್ಚರ್ ಬರ್ತಿತ್ತು, ವೆಂಕಟೇಶನ ಹಾಡು ಹಾಕಿದ್ರೆ ಟಿಕೆಟ್ ಕೊಡೋಕೆ ಶುರು ಅಂತ ಅರ್ಥ, ನೆಲದ ಟಿಕೆಟ್ ತಗೊಂಡು ಮರಳಲ್ಲಿ ಗುಡ್ಡೆ ಮಾಡ್ಕೊಂಡು ಅದರ ಮೇಲೆ ಕೂತು ನೋಡಿದ್ದು ಅವರಿಗೆ ಇವತ್ತಿಗೂ ಫ್ರೇಮ್ ಫ್ರೇಮ್ ನೆನಪಿದೆ. ಹುಡುಗ ಕೇಳಿದ್ದು ನಿಜವಾಗ್ಲೂ ಒಳ್ಳೇ ಪ್ರಶ್ನೆ. ಕಂಪ್ಯೂಟರ್ ಅನ್ನೋದೇ ಸ್ಟುಡಿಯೋ ಒಳಗೆ ಬಂದಿರದ ಕಾಲದಲ್ಲಿ ರಾಕ್ಷಸರು ಬೆಳೆದ್ರು, ಚಾಪೆ ಹಾರ್ತು, ಒಬ್ಬನೇ ಹೀರೋ ಅಪ್ಪ ಮಗ ಎರಡೂ ಆಗಿ ಎದುರುಬದುರು ನಿಂತು ಜಗಳ ಆಡ್ದ. ಹೆಂಗೆ? ನಾನು ಇದನ್ನೆಲ್ಲ ಓದ್ಕೊಂಡು, ನೋಡ್ಕೊಂಡು, ಕೈಯಲ್ಲಿ ಸ್ವಲ್ಪ ಮಾಡಿ ನೋಡಿದ ಮೇಲೆ ನನಗೆ ಅರ್ಥ ಆಗಿದ್ದು ಇಷ್ಟು: ಒಂದು ವಸ್ತುನ ಮಾಯ ಮಾಡೋದು ಕಷ್ಟ ಅಲ್ಲ, ಮಿಕ್ಕಿದ್ದೆಲ್ಲ ಕೂದಲೆಳೆಯಷ್ಟೂ ಅಲ್ಲಾಡದಂಗೆ ನೋಡ್ಕೊಳ್ಳೋದೇ ಕಷ್ಟ. ಹಳೇ ಟ್ರಿಕ್ಕಿಂದ ಹಿಡಿದು ಇವತ್ತಿನ ಗ್ರಾಫಿಕ್ಸ್ ತನಕ ಎಲ್ಲದರ ಹೊಟ್ಟೆಯಲ್ಲೂ ಇದೇ ಇದೆ.

ಮೊದಲು ಹುಡುಗ ಮಾಡಿದ್ದನ್ನೇ ತಗೊಳ್ಳಿ. ಸಿನಿಮಾ ಅಂದ್ರೆ ಸೆಕೆಂಡಿಗೆ 24 ಫೋಟೋ, ಒಂದಾದ ಮೇಲೆ ಒಂದು. ಎರಡು ಫೋಟೋ ಮಧ್ಯೆ ಏನಾಯ್ತು ಅನ್ನೋದು ಕ್ಯಾಮೆರಾಗೆ ಗೊತ್ತೇ ಇಲ್ಲ, ಆ ಮಧ್ಯೆ ನೀವು ಕ್ಯಾಮೆರಾ ನಿಲ್ಲಿಸಿ ಟೀ ಕುಡ್ಕೊಂಡು ಬಂದ್ರೂ ನೋಡೋರ ಕಣ್ಣಿಗೆ ಅದು ಸೆಕೆಂಡಿನ ಇಪ್ಪತ್ನಾಲ್ಕನೇ ಒಂದು ಭಾಗ ಅಷ್ಟೇ. ಇದನ್ನ ಹಿಡ್ಕೊಂಡು ಆಟ ಆಡ್ದೋನು ಪ್ಯಾರಿಸ್‌ನ ಜಾರ್ಜ್ ಮೆಲಿಯೆ, ಅವನು ಮೊದಲೇ ಸ್ಟೇಜ್ ಮೇಲೆ ಜಾದೂ ಮಾಡ್ತಿದ್ದೋನು, ಸ್ವಂತ ಜಾದೂ ಥಿಯೇಟರ್ ಇತ್ತು. ರಸ್ತೇಲಿ ಶೂಟ್ ಮಾಡ್ತಿದ್ದಾಗ ಕ್ಯಾಮೆರಾ ಸಿಕ್ಕಾಕ್ಕೊಂಡು ನಿಂತೋಯ್ತು, ಸರಿಮಾಡಿ ಮತ್ತೆ ತಿರುಗಿಸ್ದೆ, ಆಮೇಲೆ ನೋಡಿದ್ರೆ ಬಸ್ಸು ಹೋಗಿ ಹೆಣದ ಗಾಡಿ ಆಗಿತ್ತು ಅಂತ ಅವನೇ ಹೇಳ್ಕೊಂಡಿದ್ದಾನೆ. 1896ರಲ್ಲೇ ಕುರ್ಚಿ ಮೇಲೆ ಕೂತಿದ್ದ ಹೆಂಗಸನ್ನ ಮಾಯ ಮಾಡಿ ಆ ಜಾಗದಲ್ಲಿ ಅಸ್ಥಿಪಂಜರ ಕೂರಿಸಿ ತೋರಿಸ್ದ.

ನಮ್ಮ ದಾದಾಸಾಹೇಬ್ ಫಾಲ್ಕೆ ಕೂಡ ಜಾದೂ ಕಲಿತೋರೇ, ತಮ್ಮ ಹೆಸರನ್ನೇ ತಿರುಗಿಸಿ 'ಪ್ರೊಫೆಸರ್ ಕೆಲ್ಫಾ' ಅಂತ ಇಟ್ಕೊಂಡು ಪ್ರದರ್ಶನ ಕೊಡ್ತಿದ್ರು. 1913ರ 'ರಾಜಾ ಹರಿಶ್ಚಂದ್ರ'ಕ್ಕಿಂತ ಮುಂಚೆ ಅವರು ಒಂದು ಬಟಾಣಿ ಕಾಳು ಮೊಳಕೆ ಒಡೆದು ಗಿಡ ಆಗೋದನ್ನ ಬಿಟ್ಟು ಬಿಟ್ಟು ಒಂದೊಂದೇ ಫ್ರೇಮ್ ತೆಗೆದು ಚಿಕ್ಕ ಫಿಲಂ ಮಾಡಿದ್ರು. ದಿನಗಟ್ಟಲೆ ಆಗೋ ಬೆಳವಣಿಗೆ ಕಣ್ಣೆದುರೇ ನಿಮಿಷದಲ್ಲಿ ಆಗೋಗುತ್ತೆ. ಯೋಚನೆ ಮಾಡಿ, ಅಷ್ಟೂ ದಿನ ಆ ಕುಂಡ ಅಲ್ಲಾಡ್ಬಾರ್ದು, ಕ್ಯಾಮೆರಾ ಅಲ್ಲಾಡ್ಬಾರ್ದು. ನಮ್ಮ ದೇಶದ ಪೌರಾಣಿಕ ಸಿನಿಮಾಗೆ ಅಡಿಪಾಯ ಹಾಕಿದ ಮನುಷ್ಯ ಮೊದಲು ಮಾಡಿದ್ದು ಅಲ್ಲಾಡದೆ ಕಾಯೋ ಕೆಲಸ ಅನ್ನೋದು ನನಗೆ ತುಂಬಾ ದೊಡ್ಡ ವಿಷಯ ಅನ್ಸುತ್ತೆ.

ಎರಡನೇ ಟ್ರಿಕ್ಕು ಡಬಲ್ ಎಕ್ಸ್‌ಪೋಷರ್. ಫಿಲಂ ರೀಲಿನ ಗುಣ ಏನಂದ್ರೆ ಬೆಳಕು ಬಿದ್ದ ಕಡೆ ಮಾತ್ರ ಚಿತ್ರ ಮೂಡುತ್ತೆ, ಕಪ್ಪು ಇದ್ದ ಕಡೆ ಏನೂ ಆಗಿರಲ್ಲ, ಇನ್ನೂ ಖಾಲಿನೇ. ಹಂಗಾಗಿ ಮೊದಲು ಒಂದು ಸೀನ್ ತೆಗೆದು, ಅದೇ ರೀಲನ್ನ ಹಿಂದಕ್ಕೆ ಸುತ್ತಿ, ಈ ಸಲ ಕಪ್ಪು ಮಖಮಲ್ ಬಟ್ಟೆ ಮುಂದೆ ಬಿಳಿ ಸೀರೆ ಉಟ್ಟ ಹೆಂಗಸನ್ನ ನಡೆಸಿದ್ರೆ ಮೊದಲಿನ ಸೀನ್ ಮೇಲೆ ಅವಳು ಹೊಗೆ ತರ ಮೂಡ್ತಾಳೆ, ಹಿಂದಿನ ಗೋಡೆ ಅವಳ ಮೈಯಲ್ಲೇ ಕಾಣುತ್ತೆ. ಹಳೇ ಪಿಕ್ಚರಿನ ದೆವ್ವಗಳೆಲ್ಲ ಸುಮಾರು ಹಿಂಗೇ ಹುಟ್ಟಿದ್ದು. ಡಬಲ್ ರೋಲ್ ಇದರ ಅಣ್ಣ. ಲೆನ್ಸ್ ಮುಂದೆ ಅರ್ಧಕ್ಕೆ ಕಪ್ಪು ತಡೆ ಇಟ್ಟು ಎಡಗಡೆ ನಟನೆ ತೆಗೆಯೋದು, ರೀಲ್ ಹಿಂದಕ್ಕೆ ಸುತ್ತಿ, ನಟ ವೇಷ ಬದಲಾಯಿಸ್ಕೊಂಡು ಬಂದ ಮೇಲೆ ಬಲಗಡೆ ತೆಗೆಯೋದು. 1977ರ 'ಬಬ್ರುವಾಹನ'ದಲ್ಲಿ ರಾಜ್‌ಕುಮಾರ್ ಅರ್ಜುನನೂ ಅವರೇ ಬಬ್ರುವಾಹನನೂ ಅವರೇ, ಆ ಹಾಡಲ್ಲಿ ಅಪ್ಪ ಮಗ ಒಬ್ಬರನ್ನೊಬ್ಬರು ಜರಿಯೋದನ್ನ ನಮ್ಮೂರ ಆರ್ಕೆಸ್ಟ್ರಾಗಳಲ್ಲಿ ಇವತ್ತಿಗೂ ಇಬ್ಬರು ಎದುರುಬದುರು ನಿಂತು ಹಾಡ್ತಾರೆ. ಇಂಥಾ ಡಬಲ್ ರೋಲ್ ಶಾಟ್ ನೋಡುವಾಗ ಇಬ್ಬರ ಮಧ್ಯೆ ಏನಿದೆ ಅಂತ ಗಮನಿಸಿ, ಬಹಳ ಸಲ ಒಂದು ಕಂಬ, ಒಂದು ಬಾಗಿಲ ಚೌಕಟ್ಟು, ಮರದ ಕಾಂಡ ಇರುತ್ತೆ, ಹೊಲಿಗೆ ಬಿದ್ದ ಗೆರೆ ಅಲ್ಲಿ ಅಡಗಿರುತ್ತೆ. ಒಬ್ಬನ ಕೈ ಆ ಗೆರೆ ದಾಟಿದ್ರೆ ಕೈ ಕಟ್ಟಾಗೋಗುತ್ತೆ. ಆದ್ರೆ ಯಂತ್ರ ಮಾಡದ ಒಂದು ಕೆಲಸ ಇಲ್ಲಿದೆ, ಕಣ್ಣು. ಎದುರಿಗೆ ಯಾರೂ ಇಲ್ಲ, ಖಾಲಿ ಜಾಗ, ಅಲ್ಲಿ ತನ್ನಷ್ಟೇ ಎತ್ತರದ ಒಬ್ಬ ನಿಂತಿದ್ದಾನೆ ಅಂತ ನೋಡ್ಬೇಕು, ಅವನು ಮಾತು ಮುಗ್ಸೋ ಹೊತ್ತಿಗೆ ಸರಿಯಾಗಿ ಉಸಿರು ತಗೋಬೇಕು. ಕಣ್ಣು ನಾಲ್ಕು ಬೆರಳು ಮೇಲೆ ಹೋದ್ರೂ ಮುಗೀತು, ಲೆನ್ಸ್ ಮುಂದಿನ ಆ ಕಪ್ಪು ತಡೆ ಎಷ್ಟೇ ಚೆನ್ನಾಗಿರಲಿ ಅದು ಸುಳ್ಳು ಅಂತ ನೆಲದ ಟಿಕೆಟಿನವನಿಗೂ ಗೊತ್ತಾಗುತ್ತೆ. ಘಟೋತ್ಕಚನ ಪಾತ್ರ ಮಾಡಿದ ಎಸ್.ವಿ. ರಂಗಾರಾವ್ ಅವರ ಆ ಊಟದ ಸೀನು ಇಷ್ಟು ವರ್ಷ ಆದ್ರೂ ನಿಂತಿದೆ ಅಂದ್ರೆ ಟ್ರಿಕ್ಕಿಗಿಂತ ಜಾಸ್ತಿ ಆ ಮನುಷ್ಯನ ಮುಖದಿಂದ ಅಂತ ನನ್ನ ನಂಬಿಕೆ, ಭಕ್ಷ್ಯಗಳ ಮೇಲೆ ಆ ಕಣ್ಣಲ್ಲಿರೋ ಆಸೆ ನಿಜ.

ವಸ್ತುಗಳು ಹಾರಿ ಬಂದು ಕೈ ಸೇರೋದು, ಹೂಮಾಲೆ ತಾನಾಗೇ ಕೊರಳಿಗೆ ಬೀಳೋದು, ಇದಕ್ಕೆಲ್ಲ ದಾರ ಕಟ್ಟಿ ಎಳೀತಾರೆ, ಇಲ್ಲಾಂದ್ರೆ ಉಲ್ಟಾ ತೆಗೀತಾರೆ, ಅಂದ್ರೆ ಕೊರಳಿಂದ ಮಾಲೆ ಎತ್ತೋದನ್ನ ಶೂಟ್ ಮಾಡಿ ರೀಲ್ ಹಿಂದುಮುಂದಾಗಿ ಓಡಿಸೋದು. ನಿಮ್ಮ ಫೋನಲ್ಲೇ ರಿವರ್ಸ್ ಅಂತ ಇರುತ್ತೆ, ಮಾಡಿ ನೋಡಿ.

ಈಗ ಊರು, ಅರಮನೆ, ಕೋಟೆ ಹೆಂಗೆ ಬರುತ್ತೆ ನೋಡೋಣ, ನನಗೆ ಎಲ್ಲಕ್ಕಿಂತ ಇಷ್ಟ ಆಗಿರೋ ಭಾಗ ಇದು. 'ಮಾಯಾಬಜಾರ್'ನಲ್ಲಿ ದ್ವಾರಕೆ ಕಾಣುತ್ತಲ್ಲ, ಅದಕ್ಕೆ ಸುಮಾರು 50 ಅಡಿಗೆ 60 ಅಡಿ ಜಾಗದಲ್ಲಿ 300ರಷ್ಟು ಪುಟಾಣಿ ಮನೆಗಳನ್ನ ಕಟ್ಟಿದ್ರು, ಅಂದ್ರೆ ನಮ್ಮ ಕಡೆ ಒಂದು ದೊಡ್ಡ ಸೈಟಿನಷ್ಟು ಜಾಗದಲ್ಲಿ ಇಡೀ ಶ್ರೀಕೃಷ್ಣನ ಪಟ್ಟಣ. ನಿರ್ದೇಶಕ ಕೆ.ವಿ. ರೆಡ್ಡಿ, ಕ್ಯಾಮೆರಾ ಮಾರ್ಕಸ್ ಬಾರ್ಟ್ಲಿ. ನಿಂತ ಮನೆ ಚಿಕ್ಕದಾಗಿದ್ರೂ ದೊಡ್ಡದು ಅಂತ ನಂಬಿಸ್ಬಹುದು, ಆದ್ರೆ ಅದು ಬೀಳೋ ಹಾಗಿದ್ರೆ? ಇಲ್ಲೇ ಲೆಕ್ಕ ಬರೋದು. ಎತ್ತರದಿಂದ ವಸ್ತು ಕೆಳಗೆ ಬೀಳೋಕೆ ತಗೊಳ್ಳೋ ಟೈಮು ಎತ್ತರದ ವರ್ಗಮೂಲದ ಲೆಕ್ಕದಲ್ಲಿ ಹೋಗುತ್ತೆ. ನಿಜವಾದ ಗೋಪುರದ ಹದಿನಾರನೇ ಒಂದು ಭಾಗದಷ್ಟು ಚಿಕ್ಕ ಗೋಪುರ ಮಾಡಿ ಬೀಳಿಸಿದ್ರೆ ಅದು ದೊಡ್ಡದಕ್ಕಿಂತ ನಾಲ್ಕು ಪಟ್ಟು ಬೇಗ ಬಿದ್ದೋಗುತ್ತೆ, ಪಟ್ ಅಂತ, ನೋಡಿದ ತಕ್ಷಣ ಆಟಿಕೆ ಅಂತ ಗೊತ್ತಾಗುತ್ತೆ. ಅದಕ್ಕೆ 24ರ ಬದಲು ಸೆಕೆಂಡಿಗೆ 96 ಫ್ರೇಮ್ ತೆಗೆದು, ತೋರಿಸುವಾಗ 24ರಲ್ಲೇ ತೋರಿಸ್ತಾರೆ. ಆಗ ಆ ಬೀಳೋದು ನಿಧಾನ ಆಗಿ, ಭಾರ ಬಂದ್ಬಿಡುತ್ತೆ.

ಇದನ್ನ ಹುಡುಗನಿಗೆ ತೋರಿಸೋಕೆ ನಾವು ಮೂರು ಇಟ್ಟಿಗೆ ಪುಡಿ ಮಾಡಿ ಬೆಂಕಿಪೊಟ್ಟಣಗಳ ಗೋಡೆ ಕಟ್ಟಿ ಅದರ ಮೇಲೆಲ್ಲ ಸುರಿದು, ಫೋನಲ್ಲಿ ಸ್ಲೋ ಮೋಷನ್ ಹಾಕಿ ನೆಲದ ಮಟ್ಟದಲ್ಲಿ ಇಟ್ಟು ಒಂದು ಬೆರಳಲ್ಲಿ ತಳ್ಳಿದ್ವಿ. ಧೂಳು ಎದ್ದು ನಿಧಾನಕ್ಕೆ ಇಳೀತು, ಗೋಡೆ ವಾಲಿ ವಾಲಿ ಮಲಗ್ತು. ಅವನು ಉಸಿರು ಬಿಡದೆ ನೋಡ್ದ. ಆದ್ರೆ ನೀರಿಗೆ ಈ ಲೆಕ್ಕ ಪೂರ್ತಿ ನಡೆಯಲ್ಲ, ಯಾಕಂದ್ರೆ ಮನೆ ಚಿಕ್ಕದು ಮಾಡಿದ್ರೂ ನೀರಿನ ಹನಿ ಚಿಕ್ಕದಾಗಲ್ಲ, ಹನಿ ಹನಿಯಾಗೇ ಇರುತ್ತೆ. ಹಳೇ ಪಿಕ್ಚರಲ್ಲಿ ಸಮುದ್ರ ಉಕ್ಕಿ ಊರು ಮುಳುಗೋ ಸೀನಲ್ಲಿ ಏನೋ ತೊಟ್ಟಿ ನೀರು ತರ ಕಾಣುತ್ತಲ್ಲ, ಕಾರಣ ಇದು, ಕೆಲಸಗಾರರು ಕಡಿಮೆ ಮಾಡಿದ್ದಲ್ಲ. ಬೆಂಕಿದೂ ಹಂಗೇ, ಜ್ವಾಲೆ ನಾಲಿಗೆಯ ಗಾತ್ರ ನೋಡಿದ್ರೆ ಮನೆ ಗಾತ್ರ ಗೊತ್ತಾಗೋಗುತ್ತೆ.

ಗಾಜಿನ ಮೇಲೆ ಚಿತ್ರ ಬರೆಯೋದೂ ಇತ್ತು. ಸೆಟ್ಟಲ್ಲಿ ಅರಮನೆಯ ಕೆಳಗಿನ ಹತ್ತಡಿ ಮಾತ್ರ ಕಟ್ಟೋದು, ಕ್ಯಾಮೆರಾ ಮುಂದೆ ಒಂದು ದೊಡ್ಡ ಗಾಜು ನಿಲ್ಲಿಸಿ ಅದರ ಮೇಲ್ಭಾಗದಲ್ಲಿ ಗೋಪುರ, ಕಳಶ, ಮೋಡ ಎಲ್ಲ ಬಣ್ಣದಲ್ಲಿ ಬರೆಯೋದು, ಎರಡೂ ಸರಿಯಾಗಿ ಕೂಡೋ ಒಂದೇ ಒಂದು ಜಾಗ ಇರುತ್ತೆ, ಕ್ಯಾಮೆರಾ ಅಲ್ಲೇ ಇರ್ಬೇಕು. ಹಳೇ ಪೌರಾಣಿಕ ಚಿತ್ರಗಳಲ್ಲಿ ಅರಮನೆ ಕಂಡ ತಕ್ಷಣ ಕ್ಯಾಮೆರಾ ಗಟ್ಟಿಯಾಗಿ ನಿಂತ್ಕೊಳ್ಳುತ್ತೆ, ಈಗ ನೋಡೋರಿಗೆ ಅದು ಬೋರ್ ಅನ್ಸಬಹುದು, ಆದ್ರೆ ನಿಲ್ಲದೆ ವಿಧಿ ಇರ್ಲಿಲ್ಲ.

ಇಷ್ಟರಲ್ಲಿ ಬಣ್ಣದ ಸಿನಿಮಾ ಬಂತು, ಅಲ್ಲಿಂದ ಮುಂದಿನ ಕಥೇಲಿ ನಮ್ಮ ಮೈಸೂರು ಸೀಮೆ ಹುಡುಗ ಒಬ್ಬ ಇದ್ದಾನೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಾಬು ಅಂತ, 1924ರಲ್ಲಿ ಮೈಸೂರು ಹತ್ತಿರದ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಆನೆ ಹುಡುಗನ ಪಾತ್ರಕ್ಕೆ ವಿದೇಶದವರು ಹುಡುಕ್ತಾ ಬಂದು ಇವನನ್ನ ಆರಿಸ್ಕೊಂಡ್ರು, 1937ರಲ್ಲಿ ಮೊದಲ ಪಿಕ್ಚರ್ ಬಂತು, 1940ರ 'ದ ಥೀಫ್ ಆಫ್ ಬಾಗ್ದಾದ್'ನಲ್ಲಿ ಇವನೇ ಕಳ್ಳ ಹುಡುಗ ಅಬು, ಸೀಸೆಯಿಂದ ಬೆಟ್ಟದಷ್ಟು ದೊಡ್ಡ ಜಿನ್ನಿ ಎದ್ದು ಬರುತ್ತೆ, ಇವನು ಅದರ ಮುಂದೆ ಬೆರಳಷ್ಟು. ಆ ಚಿತ್ರಕ್ಕೆ ಲ್ಯಾರಿ ಬಟ್ಲರ್ ಅನ್ನೋರು ನೀಲಿ ಪರದೆ ವಿಧಾನ ಬಳಸಿದ್ರು, ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ವಿಷಯ ಇಷ್ಟೇ: ನಟನ ಹಿಂದೆ ಪೂರ್ತಿ ನೀಲಿ ಪರದೆ, ಆಮೇಲೆ ಲ್ಯಾಬಲ್ಲಿ ನೀಲಿ ಎಲ್ಲೆಲ್ಲಿದೆಯೋ ಅದನ್ನ ಮಾತ್ರ ತೆಗೆದು ಆ ತೂತಲ್ಲಿ ಬೇರೆ ದೃಶ್ಯ ಸೇರಿಸೋದು. ಮನುಷ್ಯನ ಚರ್ಮದಲ್ಲಿ, ಅದು ಯಾವ ಮೈಬಣ್ಣ ಆದ್ರೂ, ಕೆಂಪು ಹಳದಿ ಛಾಯೆ ಜಾಸ್ತಿ, ನೀಲಿ ಕಡಿಮೆ, ಅದಕ್ಕೆ ನೀಲಿ.

ಮತ್ತೆ ಈಗ ಯಾಕೆ ಹಸಿರು? ಡಿಜಿಟಲ್ ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಸೆನ್ಸರ್ ಮೇಲೆ ಸಾಮಾನ್ಯವಾಗಿ ನಾಲ್ಕು ಚುಕ್ಕಿ ಇದ್ರೆ ಅದರಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಹಸಿರಿನ ಮಾಹಿತಿ ಡಬಲ್ ಸಿಗುತ್ತೆ, ಅಂಚು ಚೆನ್ನಾಗಿ ಬಿಡಿಸಬಹುದು, ಲೈಟೂ ಕಡಿಮೆ ಸಾಕು. ಆದ್ರೆ ನಮ್ಮ ಕಥೆಗಳಿಗೆ ಎರಡರಲ್ಲೂ ಒಂದೊಂದು ತೊಂದರೆ ಇದೆ ನೋಡಿ. ನೀಲಿ ಪರದೆ ಮುಂದೆ ಮೈಗೆ ನೀಲಿ ಬಳ್ಕೊಂಡ ಕೃಷ್ಣ ನಿಂತ್ರೆ ಕಿರೀಟ, ಪೀತಾಂಬರ ಮಾತ್ರ ಉಳಿದು ಕೃಷ್ಣ ಮಾಯ. ಹಸಿರು ಪರದೆ ಮುಂದೆ ಮಾವಿನ ತೋರಣ ಕಟ್ಟಿದ್ರೆ ತೋರಣ ಮಾಯ, ಸೀತೆ ಕೈಲಿ ಹಸಿರು ಗಾಜಿನ ಬಳೆ ಇದ್ರೆ ಮಣಿಕಟ್ಟಲ್ಲಿ ತೂತು. ಇನ್ನೊಂದು, ರೇಷ್ಮೆ. ಪಕ್ಕದ ಶಿಡ್ಲಘಟ್ಟದಲ್ಲಿ ಗೂಡು ಬಿಚ್ಚೋದನ್ನ ನೋಡ್ಕೊಂಡು ಬೆಳೆದ ನಮಗೆ ಗೊತ್ತು, ರೇಷ್ಮೆ ಎಳೆ ಅಂದ್ರೆ ಸುತ್ತ ಇರೋ ಬಣ್ಣನೆಲ್ಲ ಹಿಡ್ಕೊಂಡು ಹೊಳೆಯುತ್ತೆ. ಹಸಿರು ಪರದೆ ಮುಂದೆ ಬಿಳಿ ರೇಷ್ಮೆ ಪಂಚೆ ಉಟ್ಟು ನಿಂತ್ರೆ ಪಂಚೆ ಅಂಚೆಲ್ಲ ತೆಳು ಹಸಿರು ಆಗುತ್ತೆ, ಕಂಪ್ಯೂಟರ್ ಆ ಅಂಚನ್ನ ಕಿತ್ಕೊಂಡು ಬಿಡುತ್ತೆ. ಅದಕ್ಕೆ ನಟನ್ನ ಪರದೆಯಿಂದ ಸಾಕಷ್ಟು ಮುಂದೆ ನಿಲ್ಲಿಸ್ತಾರೆ, ಪರದೆಗೇ ಬೇರೆ ಲೈಟು, ನಟನಿಗೇ ಬೇರೆ ಲೈಟು.

ಈಗ ಕಂಪ್ಯೂಟರ್ ಇದೆ, ಏನು ಬೇಕಾದ್ರೂ ಮಾಡಬಹುದು ಅಂತಾರೆ, ಆದ್ರೂ ಎಷ್ಟೋ ಹೊಸ ಪಿಕ್ಚರ್ ನೋಡುವಾಗ "ಗ್ರಾಫಿಕ್ಸ್ ಚೆನ್ನಾಗಿಲ್ಲ" ಅಂತ ಚಿಕ್ಕ ಮಕ್ಕಳೂ ಹೇಳ್ತಾರಲ್ಲ, ಅವರಿಗೆ ಯಾರು ಹೇಳ್ಕೊಟ್ರು? ಯಾರೂ ಇಲ್ಲ. ನಾವೆಲ್ಲ ಹುಟ್ಟಿದಾಗಿಂದ ನೆರಳು ನೋಡ್ತಾ ಇದೀವಿ. ಕಾಲು ನೆಲಕ್ಕೆ ತಾಗೋ ಜಾಗದಲ್ಲಿ ಒಂದು ಚಿಕ್ಕ ಕಡುಕಪ್ಪು ನೆರಳು ಇರುತ್ತೆ, ಅದು ಇಲ್ಲಾಂದ್ರೆ ರಾಕ್ಷಸ ತೇಲ್ತಾನೆ. ಹಿನ್ನೆಲೇಲಿ ಸೂರ್ಯ ಎಡಕ್ಕಿದ್ದು ನಟನ ಮೂಗಿನ ನೆರಳೂ ಎಡಕ್ಕೇ ಬಿದ್ರೆ ಮನಸ್ಸು ಒಪ್ಪಲ್ಲ, ಯಾಕೆ ಅಂತ ಹೇಳೋಕೆ ಬರದೇ ಇದ್ರೂ. ಕ್ಯಾಮೆರಾ ಓಡಾಡೋ ಶಾಟ್ ಆದ್ರೆ ಪರದೆ ಮೇಲೆ ಅಂಟಿಸಿದ ಗುರುತುಗಳನ್ನ ಹಿಡ್ಕೊಂಡು ಕ್ಯಾಮೆರಾ ಎಷ್ಟು ಸರೀತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತೆ, ಆ ಲೆಕ್ಕ ಕೂದಲಷ್ಟು ತಪ್ಪಿದ್ರೆ ಕೋಟಿಗಟ್ಟಲೆ ಖರ್ಚು ಮಾಡಿದ ಅರಮನೆ ನೆಲದ ಮೇಲೆ ಜಾರುತ್ತೆ. ನಮ್ಮ ಹುಡುಗನ ನೀರಿನ ಟ್ಯಾಂಕ್ ಕುಪ್ಪಳಿಸಿದ್ದೂ ಇದೇ ತಪ್ಪು.

ಇದು ಕ್ಯಾಮೆರಾ ಕಡೆಯ ಮಾತಾಯ್ತು, ಕಥೆ ಕಡೆಗೂ ಇದೇ ನಿಯಮ ಇದೆ ಅನ್ನೋದು ನನಗೆ ಬಹಳ ದಿನ ಹೊಳೆದಿರ್ಲಿಲ್ಲ. ಮಾಯಾ ಮಂತ್ರದ ಕಥೇಲಿ ಏನು ಬೇಕಾದ್ರೂ ಆಗಬಹುದು ಅಂದ್ರೆ ನೋಡೋನಿಗೆ ಭಯನೇ ಇರಲ್ಲ, ಕಾಯೋಕೆ ಏನೂ ಇರಲ್ಲ. ಅದಕ್ಕೆ ನಮ್ಮ ಪುರಾಣದವರು ಪ್ರತಿ ವರಕ್ಕೂ ಒಂದು ಷರತ್ತು ಇಟ್ಟಿದ್ದಾರೆ. ಹಿರಣ್ಯಕಶಿಪುಗೆ ಹಗಲೂ ಅಲ್ಲ ರಾತ್ರಿನೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ಮನುಷ್ಯನಿಂದಲೂ ಅಲ್ಲ ಮೃಗದಿಂದಲೂ ಅಲ್ಲ. ಆ ಮಾತು ಒಂದಕ್ಷರನೂ ಅಲ್ಲಾಡಲ್ಲ, ಅದಕ್ಕೇ ಮುಸ್ಸಂಜೇಲಿ ಹೊಸಿಲ ಮೇಲೆ ನರಸಿಂಹ ಕೂತಾಗ ಮೈ ಜುಂ ಅನ್ನೋದು. ಭಸ್ಮಾಸುರ ಯಾರ ತಲೆ ಮೇಲೆ ಕೈ ಇಟ್ರೂ ಸುಡ್ಬೇಕು, ತನ್ನ ತಲೆ ಆದ್ರೂ ಅಷ್ಟೇ. ಮಾಂತ್ರಿಕನ ಪ್ರಾಣ ಏಳು ಸಮುದ್ರದ ಆಚೆ ಗಿಳಿಯಲ್ಲಿದೆ ಅಂತ ಅಜ್ಜಿ ಕಥೇಲಿ ಹೇಳ್ತಾರಲ್ಲ, ಅದೂ ಷರತ್ತೇ. ಜಾನಪದ ಮಾಯಾಜಾಲದ ಚಿತ್ರಗಳಿಗೇ ಹೆಸರಾದ ಬಿ. ವಿಠ್ಠಲಾಚಾರ್ಯ ನಮ್ಮ ಉಡುಪಿ ಕಡೆ ಉದ್ಯಾವರದವರು, ಕನ್ನಡದಲ್ಲಿ ಶುರು ಮಾಡಿ ತೆಲುಗಲ್ಲಿ ದೊಡ್ಡ ಹೆಸರು ಮಾಡಿದ್ರು, ಅವರ ಚಿತ್ರಗಳಲ್ಲಿ ದೆವ್ವ ಒಲೆಗೆ ಕಟ್ಟಿಗೆ ಬದಲು ತನ್ನ ಕಾಲೇ ಇಟ್ಟು ಅಡಿಗೆ ಮಾಡೋದು ನೋಡಿ ಜನ ಹೆದರಿದ್ರು, ನಕ್ಕರು, ಮತ್ತೆ ಬಂದ್ರು. ನನ್ನ ಪ್ರಕಾರ ಆ ಸೀನು ಕೆಲಸ ಮಾಡೋದು ಒಲೆಯಿಂದ. ಒಲೆ, ಪಾತ್ರೆ, ಉರಿ ಎಲ್ಲ ನಮ್ಮನೇದೇ, ಕಾಲು ಒಂದೇ ಬೇರೆ.

ಇನ್ನು ಐತಿಹ್ಯ ಅಂತೀವಲ್ಲ, ಅದರಲ್ಲಿ ಅಲ್ಲಾಡದೇ ಇರೋದು ಜಾಗ. ನಮಗೆ ಕೈವಾರ ಹತ್ತಿರ. ಅದೇ ಏಕಚಕ್ರಪುರ ಅಂತ ಹಿರಿಯರು ಹೇಳ್ಕೊಂಡು ಬಂದಿದ್ದಾರೆ, ಭೀಮ ಬಕಾಸುರನ್ನ ಕೊಂದಿದ್ದು ಆ ಬೆಟ್ಟದಲ್ಲೇ ಅಂತಾರೆ, ಕೆಳಗೆ ಭೀಮಲಿಂಗೇಶ್ವರನ ದೇವಸ್ಥಾನ ಇದೆ. ಕೋಲಾರದ ಕಡೆ ಹೋದ್ರೆ ಮುಳಬಾಗಿಲು ತಾಲೂಕಿನ ಆವನಿಯಲ್ಲಿ ಲವಕುಶರು ಹುಟ್ಟಿದ್ರು ಅಂತಾರೆ, ತುಮಕೂರಿನ ದೇವರಾಯನದುರ್ಗದ ಹತ್ತಿರ ನಾಮದ ಚಿಲುಮೇಲಿ ರಾಮ ಬಾಣ ಬಿಟ್ಟು ನೀರು ತರಿಸಿದ ಅಂತಾರೆ. ಬಕಾಸುರನ ಕಥೇಲೂ ಷರತ್ತು ಇದೆ, ದಿನಕ್ಕೆ ಒಂದು ಗಾಡಿ ಅನ್ನ, ಎರಡು ಕೋಣ, ತಂದ ಮನುಷ್ಯನೂ ಸೇರಿ. ಆ ಲೆಕ್ಕ ಇರೋದಕ್ಕೇ ಭೀಮ ಗಾಡಿ ನಿಲ್ಲಿಸಿ ತಾನೇ ಉಣ್ಣೋಕೆ ಕೂತಾಗ ಮಕ್ಕಳು ಚಪ್ಪಾಳೆ ಹೊಡೆಯೋದು.

ಸರಿ, ಹುಡುಗನ ಕುಂಬಳಕಾಯಿಗೆ ಬರ್ತೀನಿ. ಮಾರನೇ ದಿನ ಮಧ್ಯಾಹ್ನ ಮೋಡ ಇಲ್ಲದ ಹೊತ್ತು ನೋಡ್ಕೊಂಡು, ನಾಲ್ಕು ಇಟ್ಟಿಗೆ ಮಧ್ಯೆ ಫೋನ್ ಸಿಕ್ಕಿಸಿ, ಫೋಕಸ್ಸು ಬೆಳಕು ಎರಡನ್ನೂ ಲಾಕ್ ಮಾಡಿ, ತಂತಿ ಮೇಲಿಂದ ಬಟ್ಟೆ ತೆಗೆದು, ತಂಗಿ ಪಾದದ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ವಿ. ನಿಲ್ಲಿಸೋದೇ ಬೇಡ, ವಿಡಿಯೋ ಓಡ್ತಾನೇ ಇರಲಿ, ಬಟನ್ ಒತ್ತಿದ್ರೂ ಫೋನ್ ಅಲ್ಲಾಡುತ್ತೆ, ಮಧ್ಯದ ಭಾಗನ ಆಮೇಲೆ ಕಟ್ ಮಾಡೋಣ ಅಂದೆ. ಪಕ್ಕದಲ್ಲಿ ನಿಂತ ಅಣ್ಣ ಕೈ ಎತ್ತಿದ್ದು ಎತ್ತಿದಂಗೇ ಕಲ್ಲಾಗಿ ನಿಂತಿರ್ಬೇಕು, ಅವಳು ಹೋಗಿ ಕಾಯಿ ಬರೋ ತನಕ. ನಿಂತ, ಕೈ ನಡುಗ್ತಾ ಇತ್ತು, ಆದ್ರೂ ಇಳಿಸ್ಲಿಲ್ಲ. ಕಟ್ ಮಾಡಿ ನೋಡಿದ್ರೆ ತಂಗಿ ಇದ್ಲು, ಕಾಯಿ ಆದ್ಲು. ಟ್ಯಾಂಕ್ ಇದ್ದಲ್ಲೇ ಇತ್ತು. ಅವರಿಬ್ಬರೂ ಅದನ್ನ ಎಷ್ಟು ಸಲ ನೋಡಿದ್ರೋ ಲೆಕ್ಕ ಇಲ್ಲ, ನಮ್ಮಮ್ಮನೂ ಕನ್ನಡಕ ತಂದು ನೋಡಿದ್ರು.

ಈಗ ಅವನಿಗೆ ಬಕಾಸುರ ಬೇಕಂತೆ, ಕೈವಾರಕ್ಕೆ ಕರ್ಕೊಂಡು ಹೋಗಿ ಅಂತ ಹಿಂದೆ ಬಿದ್ದಿದ್ದಾನೆ. ಅದಕ್ಕೂ ಆ್ಯಪ್ ಬೇಡ. ತಾನು ಫೋನಿಗೆ ಹತ್ತಿರ ಕೂತು, ತಂಗಿನ ಮೂವತ್ತು ಹೆಜ್ಜೆ ದೂರ ನಿಲ್ಲಿಸಿ, ಇಬ್ಬರ ಮಧ್ಯದ ನೆಲ ಕಾಣದಂಗೆ ಒಂದು ಬಂಡೆ ಅಡ್ಡ ಇರೋ ಜಾಗ ಹುಡುಕಿದ್ರೆ ಅವನು ರಾಕ್ಷಸ, ಅವಳು ತುತ್ತು. ದೊಡ್ಡ ಕ್ಯಾಮೆರಾದಲ್ಲಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟ ಬರೋಕೆ ರಾಶಿ ಲೈಟ್ ಬೇಕಾಗುತ್ತೆ, ಫೋನಿನ ಸೆನ್ಸರ್ ಚಿಕ್ಕದು, ಬಯಲಿನ ಬಿಸಿಲಲ್ಲಿ ಎರಡೂ ಸುಲಭವಾಗಿ ಬರುತ್ತೆ. ಕಣ್ಣು ಮಾತ್ರ ಸರಿ ಇರ್ಬೇಕು, ಅವಳು ತಲೆ ಎತ್ತಿ ಆಕಾಶ ನೋಡ್ಬೇಕು, ಇವನು ಅಂಗೈ ನೋಡ್ಬೇಕು. ಅವಳೀಗ ಟೆರೇಸ್ ಮೇಲೆ ನಿಂತು ಆಕಾಶ ನೋಡಿ ಹೆದರೋದನ್ನ ಪ್ರಾಕ್ಟೀಸ್ ಮಾಡ್ತಾ ಇದ್ದಾಳೆ.